ಗಾಯಾಳುವನ್ನು ಎತ್ತಿದವರಿಗೆ ಭಯ ಬೇಡ ಎಂದು ಹೆದ್ದಾರಿಯಲ್ಲಿ ಬರೆಸಿ: ಸಾರಿಗೆ ಮತ್ತು ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ಮತ್ತು ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು.

ಅಪಘಾತದಲ್ಲಿ ಗಾಯಗೊಂಡು ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಹೆಸರು, ವಿಳಾಸ ಹೇಳು ಎಂದು ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ದಾಖಲು ಮಾಡಿಕೊಳ್ಳಲು ಅವರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಈ ಮೂರು ಮಾತನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪ್ರತಿ ಟೋಲ್‌ನಲ್ಲಿ, ಪ್ರತಿ ಪೆಟ್ರೋಲ್ ಬಂಕ್‌ನಲ್ಲಿ, ಲಾರಿಗಳು ನಿಲ್ಲುವ ಪ್ರತಿ ಹೋಟೆಲಿನ ಎದುರು ಹಾಕಿಸಿ. ನಮ್ಮ ಮುಖ್ಯ ಕೋರಿಕೆ ಇದೊಂದೇ. ಇದನ್ನು ಕೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂದು ಹೇಳಲು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಹಾಸನದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದವರು. ಈಗ ಒಬ್ಬ ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತ, ಒಬ್ಬ ಪೀಣ್ಯದಲ್ಲಿ ಲೇತ್ ಕೆಲಸದವನು, ಒಬ್ಬ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಒಬ್ಬಾಕೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಒಬ್ಬ ಹೈಸ್ಕೂಲಿನ ಪಿ.ಇ. ಮೇಷ್ಟ್ರಾಗಿದ್ದ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್‌ಗಳು ಕೆಟ್ಟು ನಿಂತರೆ ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲೇ ಕೂತು ಚೈನು, ಬ್ರೇಕು ಸರಿ ಮಾಡಿಕೊಡುತ್ತಿದ್ದ. ಹುಡುಗಿಯರ ಖೋ ಖೋ ತಂಡವನ್ನು ಜಿಲ್ಲಾ ಮಟ್ಟಕ್ಕೆ ಒಯ್ದಿದ್ದ. ಎಲ್ಲರೂ ಸೈಕಲ್ ತುಳಿದುಕೊಂಡು ಘಾಟಿ ಇಳಿದು ಸಮುದ್ರದ ತನಕ ಹೋಗೋಣ ಎಂದು ನಮ್ಮನ್ನು ಪೀಡಿಸುತ್ತಿದ್ದವನೂ ಅವನೇ. ರಜೆ ಹೊಂದುತ್ತಿರಲಿಲ್ಲ, ಒಬ್ಬರಲ್ಲ ಒಬ್ಬರ ಮನೆಯಲ್ಲಿ ಏನಾದರೊಂದು ಇರುತ್ತಿತ್ತು, ಹೋಗಲಾಗಲಿಲ್ಲ.

ಒಂದು ರಾತ್ರಿ ಹಾಸನದಿಂದ ಬೈಕಿನಲ್ಲಿ ವಾಪಸು ಬರುತ್ತಿದ್ದಾಗ ಹೆದ್ದಾರಿಯಲ್ಲಿ ಯಾವುದೋ ವಾಹನ ಗುದ್ದಿ ನಿಲ್ಲದೆ ಹೋಯಿತು. ತೊಡೆಯ ಹತ್ತಿರ ಆಳವಾದ ಗಾಯ. ಅವನಿಗೆ ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. ಕಾರುಗಳು ನಿಂತವು, ಜನ ಇಳಿದರು, ಸುತ್ತ ನಿಂತು ನೋಡಿದರು, ಕೆಲವರು ಫೋನ್ ಹಿಡಿದರು. ನೀರು ಕುಡಿಸಲು ಹೋದವರಿದ್ದರು. ಆದರೆ ಗಾಯಕ್ಕೆ ಒಂದು ಬಟ್ಟೆ ಒತ್ತಿ ಹಿಡಿದವರಿಲ್ಲ, ಎತ್ತಿ ಕಾರಿನಲ್ಲಿ ಮಲಗಿಸಿಕೊಂಡವರೂ ಇಲ್ಲ. ಕೊನೆಗೆ ಹಾಲಿನ ಕ್ಯಾನ್ ಸಾಗಿಸುವ ವ್ಯಾನಿನ ಚಾಲಕನೊಬ್ಬ ನಿಲ್ಲಿಸಿ, ಕ್ಯಾನುಗಳನ್ನು ಒಂದು ಬದಿಗೆ ಸರಿಸಿ, ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಅಷ್ಟರಲ್ಲಿ ರಕ್ತ ತುಂಬಾ ಹೋಗಿತ್ತು. ಗೆಳೆಯ ಬೆಳಗಿನ ಜಾವಕ್ಕೆ ತೀರಿಕೊಂಡ. ಇನ್ನೂ ಸ್ವಲ್ಪ ಬೇಗ ತಂದಿದ್ದರೆ ಎಂದು ಕರ್ತವ್ಯದಲ್ಲಿದ್ದ ವೈದ್ಯರು ಮಾತು ಅರ್ಧಕ್ಕೇ ನಿಲ್ಲಿಸಿದ್ದನ್ನು ಅವನ ಹೆಂಡತಿ ಇಂದಿಗೂ ಹೇಳುತ್ತಾರೆ.

ಆ ಚಾಲಕನನ್ನು ನಾವು ಹುಡುಕಿಕೊಂಡು ಹೋದದ್ದು ಕೃತಜ್ಞತೆ ಹೇಳಲು. ಮಾತಿಗೆ ಕೂತಾಗ ಗೊತ್ತಾಯಿತು: ಆ ರಾತ್ರಿ ಅವರನ್ನು ಬೆಳಗಾಗುವವರೆಗೆ ಠಾಣೆಯಲ್ಲಿ ಕೂರಿಸಿದ್ದರು. ನೀನೇ ಗುದ್ದಿರಬಹುದಲ್ಲ ಎಂದು ಕೇಳಿದ್ದರು. ಹಾಲು ಒಡೆಯಿತು, ಸಂಬಳದಲ್ಲಿ ಹಿಡಿದರು, ಆಮೇಲೂ ಹೇಳಿಕೆ ಎಂದು ಮತ್ತೆ ಮತ್ತೆ ಕರೆಸಿದರು. "ಮುಂದೆ ಯಾರಾದ್ರೂ ಹಂಗೆ ಬಿದ್ದಿದ್ರೆ ಎತ್ತುತೀರಾ ಅಣ್ಣಾ?" ಎಂದು ನಮ್ಮಲ್ಲೊಬ್ಬ ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತುತೀನಿ, ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಆದ್ರೆ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಹೊರಟುಬಿಡ್ತೀನಿ, ಹೆಸರು ಹೇಳಲ್ಲ" ಎಂದರು. ಕಳ್ಳನ ಹಾಗೆ ತಪ್ಪಿಸಿಕೊಂಡು ಹೋಗುತ್ತೇನೆ ಎಂಬ ಸಂಕೋಚ ಅವರ ದನಿಯಲ್ಲಿತ್ತು. ಮಾನ್ಯರೇ, ಹಾಗೆ ಇಳಿಸಿ, ಹೆಸರು ಹೇಳದೆ ಹೊರಟುಹೋಗುವುದು ಅವರ ಹಕ್ಕು. ಕಾನೂನೇ ಅವರಿಗೆ ಕೊಟ್ಟ ಹಕ್ಕು. ಅದು ಅವರಿಗೆ ಗೊತ್ತಿರಲಿಲ್ಲ. ಅವರನ್ನು ಕೂರಿಸಿಕೊಂಡವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅಂದಿನಿಂದ ನಾವು ಪ್ರತಿವರ್ಷ ಡಿಸೆಂಬರಿನಲ್ಲಿ ಗೆಳೆಯನ ನೆನಪಿಗೆ ನೆಲಮಂಗಲದಿಂದ ಮಂಗಳೂರಿನವರೆಗೆ ಸೈಕಲ್ ಜಾಥಾ ಹೋಗುತ್ತೇವೆ. ಬಂಧುಗಳು, ಸಹೋದ್ಯೋಗಿಗಳು, ಅವನ ಹಳೆಯ ವಿದ್ಯಾರ್ಥಿಗಳು ನಾವು ತುಳಿಯುವ ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿ, ಎರಡು ರೂಪಾಯಿ ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಆ ಹಣದಲ್ಲಿ ಹತ್ತಿ, ಬ್ಯಾಂಡೇಜು, ಕೈಗವಸು, ಟಾರ್ಚು ಇರುವ ಪೆಟ್ಟಿಗೆಗಳನ್ನು ಕೊಂಡು ದಾರಿಯ ಟೀ ಅಂಗಡಿ, ಪಂಕ್ಚರ್ ಅಂಗಡಿ, ಡಾಬಾಗಳಿಗೆ ಕೊಡುತ್ತೇವೆ. ಕೊಟ್ಟ ಕಡೆಯಲ್ಲೆಲ್ಲ ಅರ್ಧ ಗಂಟೆ ನಿಂತು, ರಕ್ತ ನಿಲ್ಲಿಸುವುದು ಹೇಗೆ ಎಂದು ತೋರಿಸುತ್ತೇವೆ. ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ ಮಾಡಿದ ಆಳುದ್ದದ ಗೊಂಬೆಯೊಂದು ನಮ್ಮ ಹಿಂದೆ ಗೂಡ್ಸ್ ಆಟೋದಲ್ಲಿ ಬರುತ್ತದೆ.

ಜಾಥಾ ನೆಲಮಂಗಲದಿಂದಲೇ ಹೊರಡಬೇಕು ಎಂದು ನಾವು ತೀರ್ಮಾನಿಸಿದ್ದಕ್ಕೆ ಕಾರಣವಿದೆ. 2016ರ ಫೆಬ್ರವರಿ 16ರಂದು ನೆಲಮಂಗಲದ ಹತ್ತಿರ ಗುಬ್ಬಿ ಕಡೆಯ ಯುವಕ ಹರೀಶ್ ಲಾರಿಗೆ ಸಿಕ್ಕಿ, ದೇಹ ಎರಡು ತುಂಡಾಗಿ ರಸ್ತೆಯಲ್ಲಿ ಬಿದ್ದಿದ್ದರು. ಆ ಸ್ಥಿತಿಯಲ್ಲೂ ನನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಇಡೀ ನಾಡು ಆ ಸುದ್ದಿಗೆ ತಲ್ಲಣಿಸಿತು. ಸರ್ಕಾರ ಅದೇ ವರ್ಷ ಅವರ ಹೆಸರಿನಲ್ಲಿ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದು, ರಾಜ್ಯದ ರಸ್ತೆಗಳಲ್ಲಿ ಗಾಯಗೊಂಡವರು ಯಾವ ಊರಿನವರೇ ಆಗಿರಲಿ, ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ ಎಂದು ಸಾರಿತು. ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುಗಳಿಗೆ ನೆರವಾಗುವವರನ್ನು ಪೊಲೀಸರು ಮತ್ತು ಆಸ್ಪತ್ರೆಗಳು ಹೇಗೆ ನಡೆಸಿಕೊಳ್ಳಬೇಕೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಆ ಅರ್ಜಿ ಹಾಕಿದ್ದ ಸೇವ್‌ಲೈಫ್ ಫೌಂಡೇಶನ್ ಹುಟ್ಟಿದ್ದೂ ಇಂಥದ್ದೇ ಒಂದು ಸಾವಿನಿಂದ. 2007ರಲ್ಲಿ ದೆಹಲಿಯಲ್ಲಿ ಅಪಘಾತಕ್ಕೀಡಾದ ಹದಿಹರೆಯದ ಹುಡುಗನೊಬ್ಬ ಯಾರ ನೆರವೂ ಸಿಗದೆ ರಸ್ತೆಯಲ್ಲೇ ಪ್ರಾಣ ಬಿಟ್ಟ. ಅವನ ಸಂಬಂಧಿ ಪೀಯೂಷ್ ತಿವಾರಿ ಮರುವರ್ಷ ಆ ಸಂಸ್ಥೆ ಕಟ್ಟಿದರು.

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮೊದಲು. ನೆರವಿಗೆ ಬಂದವರನ್ನು ರಕ್ಷಿಸಲು ಪ್ರತ್ಯೇಕ ಕಾಯ್ದೆಯನ್ನೇ ತಂದ ಮೊದಲ ರಾಜ್ಯ ಕರ್ನಾಟಕ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎಂಬ ಕಲಂ ಸೇರಿ, ದೇಶಕ್ಕೆಲ್ಲ ಇದು ಅನ್ವಯವಾಯಿತು. ಸದುದ್ದೇಶದಿಂದ ನೆರವಾದವರ ಕೈಯಲ್ಲಿ ಗೊತ್ತಿಲ್ಲದೆ ಏನಾದರೂ ಹೆಚ್ಚುಕಡಿಮೆಯಾಗಿ ಗಾಯಾಳು ಸತ್ತರೂ ಅವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ಇಲ್ಲ. 2020ರಲ್ಲಿ ಬಂದ ನಿಯಮಗಳ ಪ್ರಕಾರ ಹೆಸರು, ವಿಳಾಸ ಕೊಡಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗಲು ಅವರಾಗಿಯೇ ಒಪ್ಪಿದರೆ ಪೊಲೀಸರು ಅವರ ಅನುಕೂಲದ ಜಾಗಕ್ಕೆ, ಮನೆಗೋ ಕೆಲಸದ ಸ್ಥಳಕ್ಕೋ ಹೋಗಿ ಹೇಳಿಕೆ ಪಡೆಯಬೇಕು. ಇಷ್ಟನ್ನೂ ಪ್ರತಿ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಬಾಗಿಲ ಬಳಿ ಸ್ಥಳೀಯ ಭಾಷೆಯಲ್ಲೂ ಬರೆದು ಹಾಕಬೇಕು ಎಂದು ಅದೇ ನಿಯಮ ಹೇಳುತ್ತದೆ.

ದಾರಿಯಲ್ಲಿ ಸಿಕ್ಕ ಆಸ್ಪತ್ರೆಗಳ ಬಾಗಿಲಲ್ಲಿ ನಾವು ಆ ಫಲಕವನ್ನು ಹುಡುಕಿದ್ದೇವೆ. ಸಿಕ್ಕಿದ್ದು ಅಪರೂಪ. ಒಂದು ಕಡೆ ಇತ್ತು, ಇಂಗ್ಲಿಷಿನಲ್ಲಿ, ಬಿಲ್ಲಿಂಗ್ ಕೌಂಟರಿನ ಹಿಂದಿನ ಗೋಡೆಯ ಮೇಲೆ.

ಹೊರಗೆ ರಸ್ತೆಯಲ್ಲಿ ಜನ ಏನು ಹೇಳುತ್ತಾರೆ ಎಂಬುದನ್ನು ನೀವು ಕೇಳಬೇಕು. ಕುಣಿಗಲ್ ದಾಟಿ, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ಬೆಳ್ಳೂರು ಕ್ರಾಸ್ ಕಡೆ ಹೊರಟರೆ ರಸ್ತೆ ಅಗಲವಾಗಿ, ನೇರವಾಗಿ ಬಿದ್ದಿದೆ. ವಾಹನಗಳ ವೇಗವೂ ಹಾಗೇ. ಸೈಕಲ್ ಮೇಲಿರುವವರಿಗೆ ಪಕ್ಕದಲ್ಲಿ ಹೋದ ಬಸ್ಸಿನ ಗಾಳಿಯೇ ಎಳೆದಂತಾಗುತ್ತದೆ. ಅಪಘಾತಗಳನ್ನು ಕಣ್ಣಾರೆ ನೋಡದ ಅಂಗಡಿಯವರು ಅಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಹಿರೀಸಾವೆಯ ಬಳಿ ಟೀ ಅಂಗಡಿಯ ಯಜಮಾನರೊಬ್ಬರು, "ಎತ್ತಿದ್ರೆ ನಮ್ಮ ಮೇಲೇ ಬರ್ತದೆ ಸಾರ್. ಅಂಗಡಿ ಮುಚ್ಚಿ ಕೋರ್ಟಿಗೆ ಯಾರು ಅಲೀತಾರೆ?" ಎಂದರು. ಚನ್ನರಾಯಪಟ್ಟಣದ ಬೈಪಾಸಿನಲ್ಲಿ ಎಳನೀರು ಮಾರುವ ಹುಡುಗ 108ಕ್ಕೆ ಫೋನ್ ಮಾಡುತ್ತಾನೆ, ಆದರೆ ತನ್ನ ನಂಬರಿನಿಂದ ಮಾಡುವುದಿಲ್ಲ. ಬಿದ್ದವರ ಫೋನ್ ಲಾಕ್ ಆಗಿರದಿದ್ದರೆ ಅದರಿಂದಲೇ ಮಾಡುತ್ತಾನಂತೆ.

ಲಾರಿ ಚಾಲಕರದು ಇನ್ನೂ ಕಷ್ಟ. ಶಾಂತಿಗ್ರಾಮದ ಬಳಿ ಲಾರಿ ನಿಲ್ಲಿಸಿಕೊಂಡು ಊಟ ಮಾಡುತ್ತಿದ್ದವರ ಜೊತೆ ನಾವು ಬಹಳ ಹೊತ್ತು ಕೂತಿದ್ದೆವು. ಅವರಿಗೆ ಪೊಲೀಸರಿಗಿಂತ ಗುಂಪಿನ ಭಯ. ದೊಡ್ಡ ಗಾಡಿ ನಿಂತಿದೆ, ಪಕ್ಕದಲ್ಲಿ ಬೈಕಿನವನು ಬಿದ್ದಿದ್ದಾನೆ ಎಂದರೆ ಗುದ್ದಿದ್ದು ಇವನೇ ಎಂದು ಜನ ಮೊದಲು ಕೈ ಎತ್ತುತ್ತಾರೆ, ವಿಚಾರಣೆ ಆಮೇಲೆ. ತಮಿಳುನಾಡಿನಿಂದ, ಕೇರಳದಿಂದ ಬಂದವರಾದರೆ ಭಾಷೆಯೂ ಬರುವುದಿಲ್ಲ. ರಾತ್ರಿ ಹೊತ್ತು ಈ ಹೆದ್ದಾರಿಯಲ್ಲಿ ಹೆಚ್ಚಿಗೆ ಇರುವವರು ಅವರೇ, ಬಿದ್ದವರನ್ನು ಮೊದಲು ಕಾಣುವವರೂ ಅವರೇ. ಅವರು ನಿಲ್ಲಿಸದೆ ಮುಂದೆ ಹೋಗುವುದಕ್ಕೆ ಕಲ್ಲು ಹೃದಯ ಕಾರಣವಲ್ಲ ಎಂದು ನಾವು ಅವರ ಎದುರು ಕೂತು ಅರಿತಿದ್ದೇವೆ. ಆದ್ದರಿಂದ ಈ ಫಲಕ ನೆರವಿಗೆ ಬರುವವನು ಓದಿದರೆ ಸಾಲದು, ಸುತ್ತ ಸೇರುವ ಜನವೂ ದಿನಾ ಓದಿರಬೇಕು. ಎತ್ತಿದವನ ಮೈಮುಟ್ಟಬೇಡಿ ಎಂಬ ಸಾಲೂ ಅದರಲ್ಲಿರಬೇಕು.

ಸೇವ್‌ಲೈಫ್ ಸಂಸ್ಥೆ 2013ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಸುಮಾರು ಮೂವರು ಗಾಯಾಳುವಿಗೆ ನೆರವಾಗಲು ಹಿಂಜರಿಯುತ್ತೇವೆ ಎಂದಿದ್ದರು, ಬಹುಪಾಲು ಜನ ಕಾನೂನಿನ ತೊಡಕನ್ನೇ ಕಾರಣ ಕೊಟ್ಟಿದ್ದರು. ಅದಾದ ಮೇಲೆ ತೀರ್ಪು ಬಂತು, ಎರಡು ಕಾಯ್ದೆ ಬಂದವು, ನಿಯಮ ಬಂತು. ನಮ್ಮ ದಾರಿಯಲ್ಲಿ ಕೇಳಿಬರುವ ಮಾತು ಮಾತ್ರ ಇನ್ನೂ ಅದೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ನಮ್ಮ ರಾಜ್ಯದಲ್ಲಿ ಸತ್ತವರು. ಅಪಘಾತವಾದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕಿದರೆ ಅರ್ಧದಷ್ಟು ಜನರನ್ನು ಉಳಿಸಿಕೊಳ್ಳಬಹುದು ಎಂದು ಕಾನೂನು ಆಯೋಗ 2006ರಲ್ಲೇ ಬರೆದಿತ್ತು. ಆ ಒಂದು ಗಂಟೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ರಸ್ತೆಯ ಬದಿಯಲ್ಲಿ, ಪಕ್ಕದಲ್ಲಿ ನಿಂತವರ ಕೈಯಲ್ಲಿ.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಗಾಯಾಳುವಿನ ಜೀವ ಉಳಿಸಿದವರಿಗೆ ಬಹುಮಾನವನ್ನೂ 25,000 ರೂಪಾಯಿಗೆ ಏರಿಸಿದೆ. ಒಳ್ಳೆಯ ಕೆಲಸವೇ. ಆದರೆ ಹಾಲಿನ ವ್ಯಾನಿನ ಆ ಅಣ್ಣನಿಗೆ ಬಹುಮಾನಕ್ಕಿಂತ ಮುಂಚೆ ಬೇಕಿದ್ದದ್ದು "ನೀವಿನ್ನು ಹೊರಡಿ, ತುಂಬಾ ಉಪಕಾರವಾಯಿತು" ಎಂಬ ಒಂದು ಮಾತು.

ಕಲಿಸಿದರೆ ಜನ ಕಲಿಯುತ್ತಾರೆ ಎಂಬುದಕ್ಕೆ ನಾವೇ ಸಾಕ್ಷಿ. ನಮ್ಮ ನರ್ಸ್ ಗೆಳತಿ ಗೊಂಬೆಯನ್ನು ಬೆಂಚಿನ ಮೇಲೆ ಮಲಗಿಸಿ ಹೇಳುವುದು ಕೆಲವೇ ಮಾತು. ಮೊದಲು ನಿಮ್ಮ ಗಾಡಿಯ ದೀಪ ಹಾಕಿ, ಹಿಂದಿನಿಂದ ಬರುವವರಿಗೆ ಕಾಣುವಂತೆ ಮಾಡಿ. ರಕ್ತ ಬರುತ್ತಿರುವ ಜಾಗಕ್ಕೆ ಶುಭ್ರವಾದ ಟವೆಲ್ಲೋ, ಪಂಚೆಯ ತುಂಡೋ ಇಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿ. ನಿಂತಿತಾ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಚುಚ್ಚಿಕೊಂಡಿರುವ ಕಬ್ಬಿಣ, ಗಾಜು ಕೀಳಬೇಡಿ. ಕುಡಿಯಲು ನೀರು ಕೊಡಬೇಡಿ. ಕತ್ತು ಅಲುಗಿಸಬೇಡಿ. ಎತ್ತಲೇಬೇಕಾದರೆ ಮೂರ್ನಾಲ್ಕು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ಸಮದಲ್ಲಿರುವಂತೆ ಎತ್ತಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಅಂಗೈ ಊರಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತಿ. ಇಷ್ಟೇ. ಬಾಳ್ಳುಪೇಟೆಯಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ಗೊಂಬೆಯ ತೊಡೆಯನ್ನು ಒತ್ತಿ ಹಿಡಿದು, "ಹಿಡಿ ಅಂದ್ರೆ ಹಿಡೀತೀನಪ್ಪ, ಇಷ್ಟು ದಿವಸ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದರು. ಈ ಅರ್ಧ ಗಂಟೆಯ ಪಾಠವನ್ನು ಡ್ರೈವಿಂಗ್ ಲೈಸೆನ್ಸ್ ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲೇ ಕೈಯಿಂದ ಮಾಡಿಸಬೇಕು ಎಂದು ನಮ್ಮ ಬೇಡಿಕೆ. ನಮ್ಮ ಗೆಳೆಯನ ಸುತ್ತ ನಿಂತಿದ್ದವರಲ್ಲಿ ಕಾರು ಓಡಿಸಿಕೊಂಡು ಬಂದವರೆಲ್ಲರ ಜೇಬಿನಲ್ಲೂ ಲೈಸೆನ್ಸ್ ಇದ್ದಿರಬೇಕು.

ಶಿರಾಡಿ ಘಾಟಿಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಕಲೇಶಪುರ ಬಿಟ್ಟು, ದೋಣಿಗಾಲ್, ಮಾರನಹಳ್ಳಿ ದಾಟಿ ಇಳಿಯತೊಡಗಿದರೆ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಹೊಳೆ. ಮುಂಜಾನೆಯ ಮಂಜಿನಲ್ಲಿ ಎದುರು ಬರುವ ಗ್ಯಾಸ್ ಟ್ಯಾಂಕರಿನ ದೀಪ ಮಾತ್ರ ಕಾಣುತ್ತದೆ. ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟುತ್ತವೆ. ಗುಂಡ್ಯದವರೆಗೆ ಅಲ್ಲಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅಲ್ಲಿ 108ಕ್ಕಾಗಲಿ, 112ಕ್ಕಾಗಲಿ, ಹೆದ್ದಾರಿ ಪ್ರಾಧಿಕಾರದ 1033ಕ್ಕಾಗಲಿ ಫೋನ್ ಮಾಡುವುದು ಹೇಗೆ? ಗುಂಡ್ಯದ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದವರು, "ಬೈಕಿನವರ ಹತ್ರ ಹೇಳಿ ಕಳಿಸುವುದು ಮಾರಾಯ್ರೆ, ಸಿಗ್ನಲ್ ಇದ್ದಲ್ಲಿ ಫೋನ್ ಮಾಡಿ ಅಂತ. ಬೇರೆ ಎಂತ ಮಾಡುವುದು?" ಎಂದರು. ಘಾಟಿಯಲ್ಲಿ ಮಳೆಗಾಲ ಮುಗಿಯುವವರೆಗಾದರೂ ಒಂದು ಆಂಬುಲೆನ್ಸ್ ಅಲ್ಲೇ ನಿಲ್ಲಿಸಿ, ಒತ್ತಿದರೆ ನೇರವಾಗಿ ನಿಯಂತ್ರಣ ಕೊಠಡಿಗೆ ಮಾತು ತಲುಪುವ ಕಂಬಗಳನ್ನು ನೆಡಿಸಿ.

ಹೆದ್ದಾರಿ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬರಬಹುದು. ರಸ್ತೆ ಕೇಂದ್ರದ್ದಾದರೂ ಠಾಣೆ, ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆ, ಆರ್‌ಟಿಒ, ರಸ್ತೆ ಬದಿಯ ಪಂಚಾಯಿತಿ ರಾಜ್ಯದವು. ಫಲಕವನ್ನು ಪೆಟ್ರೋಲ್ ಬಂಕಿನ ಗೋಡೆಗೆ, ಪಂಚಾಯಿತಿ ಕಟ್ಟೆಗೆ, ಬಸ್ ತಂಗುದಾಣಕ್ಕೆ ಹಾಕಿಸಲು ದೆಹಲಿಯನ್ನು ಕೇಳಬೇಕಾಗಿಲ್ಲ. ಗೃಹ ಇಲಾಖೆಯ ಜೊತೆ ಮಾತಾಡಿ, ಹೆದ್ದಾರಿಯ ಪ್ರತಿ ಠಾಣೆಯ ರಾತ್ರಿ ಪಾಳಿಯವರಿಗೆ ಈ ನಿಯಮವನ್ನು ಒಮ್ಮೆ ಓದಿ ಹೇಳಿಸಿ. ಗಾಯಾಳುವನ್ನು ತಂದವರಿಗೆ ಆಸ್ಪತ್ರೆಯಲ್ಲಿ ಕೈ ತೊಳೆಯಲು ನೀರು, ಕೂರಲು ಒಂದು ಕುರ್ಚಿ ಕೊಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಫಲಕದ ಕರಡನ್ನು ನಾವೇ ಬರೆದಿದ್ದೇವೆ. ನಮ್ಮ ಪರಿಚಯದ ವಕೀಲರೊಬ್ಬರು ನೋಡಿ ತಿದ್ದಿದ್ದಾರೆ. ಇದು ಅದರ ಒಕ್ಕಣೆ:

"ಅಪಘಾತದಲ್ಲಿ ಬಿದ್ದವರನ್ನು ಎತ್ತಿ. ರಕ್ತ ಬರುವ ಜಾಗಕ್ಕೆ ಬಟ್ಟೆ ಒತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ತಡವಾದರೆ ನಿಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಸೇರಿಸಿ. ನೆರವಾದವರ ಮೇಲೆ ಕೇಸು ಇಲ್ಲ. ನೀವು ಹೆಸರು ಹೇಳಬೇಕಾಗಿಲ್ಲ, ಹಣ ಕಟ್ಟಬೇಕಾಗಿಲ್ಲ, ಕೂಡಲೇ ಹೊರಡಬಹುದು. ನೆರವಿಗೆ ನಿಂತ ಚಾಲಕನ ಮೇಲೆ ಕೈ ಮಾಡಬೇಡಿ. ಮೋಟಾರು ವಾಹನ ಕಾಯ್ದೆ, ಕಲಂ 134ಎ."

ಅದರ ಕೆಳಗೆ ಹತ್ತಿರದ ಆಸ್ಪತ್ರೆಯ ಹೆಸರು, ಎಷ್ಟು ಕಿಲೋಮೀಟರ್, ಎಡಕ್ಕೋ ಬಲಕ್ಕೋ ಎಂಬ ಬಾಣದ ಗುರುತು. ಹೊರರಾಜ್ಯದ ಚಾಲಕರಿಗಾಗಿ ಅದೇ ಮಾತು ತಮಿಳು, ಮಲಯಾಳಂ, ಹಿಂದಿಯಲ್ಲಿ ಸಣ್ಣದಾಗಿ.

ನೆಲಮಂಗಲದಿಂದ ಹಾಸನದವರೆಗಿನ ಫಲಕಗಳ ಖರ್ಚನ್ನು ನಮ್ಮ ಜಾಥಾದ ಹಣದಿಂದಲೇ ಭರಿಸುತ್ತೇವೆ. ಪೇಂಟರ್ ಸಿದ್ಧವಿದ್ದಾರೆ. ಅವರು ನಮ್ಮ ಗೆಳೆಯನ ಕೈಕೆಳಗೆ ಕಬಡ್ಡಿ ಆಡಿ ಬೆಳೆದ ಹುಡುಗ, ಕೂಲಿ ಬೇಡ ಎಂದಿದ್ದಾರೆ. ಹಾಸನದಿಂದ ಆಚೆಗೆ, ಘಾಟಿ ಇಳಿದು ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡಿನ ತನಕ ಇಲಾಖೆ ವಹಿಸಿಕೊಳ್ಳಲಿ. ನಮಗೆ ಬೇಕಾಗಿರುವುದು ಫಲಕ ಹಾಕಲು ಲಿಖಿತ ಅನುಮತಿ, ಮತ್ತು ಕರಡಿನಲ್ಲಿ ತಪ್ಪಿದ್ದರೆ ತಿದ್ದಿಕೊಡಲು ನಿಮ್ಮ ಕಾನೂನು ವಿಭಾಗದ ಒಬ್ಬ ಅಧಿಕಾರಿ. ಈ ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಐದೂವರೆಗೆ ನೆಲಮಂಗಲದಿಂದ ಜಾಥಾ ಹೊರಡುತ್ತದೆ. ಅದಕ್ಕೆ ಒಂದು ತಿಂಗಳು ಮುಂಚೆ ಅನುಮತಿ ಕೈಗೆ ಬಂದರೆ, ನಾವು ಸೈಕಲ್ ಹತ್ತುವ ಹೊತ್ತಿಗೆ ಮೊದಲ ಫಲಕಗಳನ್ನು ನಿಲ್ಲಿಸಿರುತ್ತೇವೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಗೆಳೆಯರೆಲ್ಲರ ಪರವಾಗಿ,
ಜಾಥಾದ ಒಬ್ಬ ಸವಾರ